ಟಿಕೆಟ್ಟು ಅರ್ಧ, ಮೆಟ್ಟಿಲು ಪೂರ್ತಿ

ಮಂಗಳಗಿರಿಯಲ್ಲಿ ಎತ್ತರಕ್ಕೇನೂ ಬರವಿಲ್ಲ. ಊರ ಬೆನ್ನಿಗೆ ಗುಡ್ಡ, ಗುಡ್ಡದ ನಡುವಿನಲ್ಲಿ ಪಾನಕಾಲ ನರಸಿಂಹಸ್ವಾಮಿ, ಕೆಳಗೆ ಪೇಟೆಯ ಗುಡಿಯ ಮುಂದೆ ಹನ್ನೊಂದು ಅಂತಸ್ತಿನ ಗಾಳಿಗೋಪುರ. ವಾಸಿರೆಡ್ಡಿ ವೆಂಕಟಾದ್ರಿ ನಾಯುಡು 1807–09ರಲ್ಲಿ ಕಟ್ಟಿಸಿದ ಈ ಗೋಪುರ ದೂರದಿಂದಲೇ ಕತ್ತೆತ್ತಿಸುತ್ತದೆ. ಮೇಲಿನ ಸ್ವಾಮಿಗೆ ಬೆಲ್ಲದ ಪಾನಕ ಎಷ್ಟು ಕೊಟ್ಟರೂ ಅರ್ಧ ಕುಡಿದು ಅರ್ಧ ಭಕ್ತರಿಗೇ ಬಿಡುತ್ತಾನೆ ಎಂದು ಊರವರು ನಂಬುತ್ತಾರೆ. ಮಂಗಳಗಿರಿ ಸೀರೆಗೆಂದು ಬರುವವರು, ದರ್ಶನಕ್ಕೆಂದು ಬರುವವರು ಇದನ್ನೆಲ್ಲ ನೋಡಿಕೊಂಡು ಹೋಗುತ್ತಾರೆ. ನನ್ನ ಕಣ್ಣು ಮಾತ್ರ ಬಸ್ ಸ್ಟಾಪಿನಲ್ಲಿ ನಿಂತ, ಹಳ್ಳಿಗಳಿಗೆ ಓಡುವ ಪಲ್ಲೆವೆಲುಗು ಬಸ್ಸಿನ ಮೊದಲ ಮೆಟ್ಟಿಲಿಗೆ ಅಂಟಿಕೊಂಡಿತ್ತು.

ಮೊಣಕಾಲಿನಷ್ಟು ಎತ್ತರದ ಮೆಟ್ಟಿಲು. ಅಂಚಿಗೆ ಬಡಿದ ಪಟ್ಟಿ ಸವೆದು ಬೆಳ್ಳಗೆ ಹೊಳೆಯುತ್ತಿದೆ. ಅದರ ಮೇಲೆ ಇನ್ನೂ ಮೆಟ್ಟಿಲು. ಬಸ್ಸಿನ ನೆಲ ಇರುವುದು ಮೂರೂವರೆ ಅಡಿ ಮೇಲೆ. ಊರುಗೋಲಿನವರೊಬ್ಬರು ಹತ್ತುತ್ತಿದ್ದಾರೆ. ಮೊದಲು ಕೋಲು ಒಳಗೆ ಹೋಗುತ್ತದೆ, ಯಾರೋ ಒಬ್ಬ ಪ್ರಯಾಣಿಕ ಅದನ್ನು ಹಿಡಿದುಕೊಳ್ಳುತ್ತಾನೆ. ಆಮೇಲೆ ಎರಡೂ ಕೈ ಬಾಗಿಲ ಕಂಬಿಗೆ. ಗಟ್ಟಿ ಕಾಲು ಮೆಟ್ಟಿಲ ಮೇಲೆ, ಇಡೀ ಮೈಭಾರ ತೋಳಿನ ಮೇಲೆ. ಸೋತ ಕಾಲನ್ನು ಪ್ಯಾಂಟಿನ ಬಟ್ಟೆ ಸಮೇತ ಕೈಯಲ್ಲೇ ಎತ್ತಿ ಪಕ್ಕಕ್ಕಿಡಬೇಕು, ಆ ಒಂದು ಗಳಿಗೆ ಕಂಬಿಗೆ ಒಂದೇ ಕೈ. ಕೋಲು ಒಳಗೆ, ಆಳು ಹೊರಗೆ. ಹಿಂದಿನ ಲಾರಿ ಹಾರ್ನ್ ಹೊಡೆದಿದ್ದಕ್ಕೆ ಡ್ರೈವರು ಕ್ಲಚ್ ಬಿಟ್ಟರೆ ಅಲ್ಲಿಗೆ ಮುಗಿಯಿತು. ಅಂದು ಡ್ರೈವರು ಬಿಡಲಿಲ್ಲ. ಕಂಡಕ್ಟರಮ್ಮ ‘ಆಗಂಡಿ, ಆಗಂಡಿ’ (ನಿಲ್ಲಿ, ನಿಲ್ಲಿ) ಎಂದು ಕೂಗಿ ಬಸ್ಸು ನಿಲ್ಲಿಸಿಕೊಂಡೇ ಇದ್ದರು. ಒಳಗೆ ಕೂತ ಮೇಲೆ ಆ ಮನುಷ್ಯ ಪಾಸು ತೋರಿಸಿ ಅರ್ಧ ಟಿಕೆಟ್ ತೆಗೆದುಕೊಂಡರು. ಆಂಧ್ರದ ಆರ್‌ಟಿಸಿಯೂ ಗುಡ್ಡದ ನರಸಿಂಹನ ಹಾಗೆಯೇ, ಆಗ ಅಂಗವಿಕಲರಿಂದ ಅರ್ಧ ತೆಗೆದುಕೊಂಡು ಅರ್ಧ ಬಿಡುತ್ತಿತ್ತು. ಮೆಟ್ಟಿಲಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಸ್ಟಾಪಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವರೊಬ್ಬರನ್ನು ಎಲ್ಲರೂ ಬಾಬಾಯ್ (ಚಿಕ್ಕಪ್ಪ) ಎಂದೇ ಕರೆಯುತ್ತಾರೆ. ಹಿಂದಿನ ಎರಡು ಕಡೆ ಹೆಚ್ಚುವರಿ ಚಕ್ರ ಕೂರಿಸಿದ ಸ್ಕೂಟಿ ಅಂಗಡಿಯ ಬಾಗಿಲಿಗೆ ಒರಗಿಕೊಂಡಂತೆ ನಿಂತಿರುತ್ತದೆ. ಬಾಬಾಯಿಯ ಎಡಗಾಲು ಎಳವೆಯಲ್ಲೇ ಪೋಲಿಯೊಗೆ ಹೋಯಿತು. ಊರಿನ ಅಂಗವಿಕಲರ ಕಾಗದಪತ್ರಗಳೆಲ್ಲ ಒಂದಲ್ಲ ಒಂದು ದಿನ ಅವರ ಯಂತ್ರದ ಗಾಜಿನ ಮೇಲೆ ಮಲಗಿ ಎದ್ದಿವೆ. ಪಿಂಚಣಿಗೆ ಒಂದು ಪ್ರತಿ, ಬಸ್ ಪಾಸಿಗೆ ಒಂದು, ರೈಲ್ವೆ ಕಾರ್ಡಿಗೆ ಒಂದು. ಮೊದಲೆಲ್ಲ ವೈಕಲ್ಯದ ಪ್ರಮಾಣ ಹೇಳುವ ರಾಜ್ಯದ ‘ಸದರಂ’ ಸರ್ಟಿಫಿಕೇಟ್ ಒಂದೇ ಇತ್ತು. ಈಗ ಕೇಂದ್ರದ ಯುಡಿಐಡಿ ಕಾರ್ಡೂ ಬಂದಿದೆ. ವೈಕಲ್ಯ ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ ಪಟ್ಟಿ, 40 ದಾಟಿದರೆ ಹಳದಿ, 80 ದಾಟಿದರೆ ನೀಲಿ. ‘ಜೆರಾಕ್ಸಿನಲ್ಲಿ ಎಲ್ಲ ಒಂದೇ ಬಣ್ಣ, ಸಾರ್’ ಎಂದು ನಕ್ಕರು.

ಕೊಡುವ ವಿಷಯದಲ್ಲಿ ಸರ್ಕಾರವನ್ನು ದೂರಲು ಅವರು ತಯಾರಿಲ್ಲ. 2024ರ ಜುಲೈಯಲ್ಲಿ ಆಂಧ್ರದಲ್ಲಿ ಅಂಗವಿಕಲರ ಪಿಂಚಣಿ 3,000ದಿಂದ 6,000 ರೂಪಾಯಿಗೆ ಏರಿತು, ತಿಂಗಳ ಮೊದಲಲ್ಲೇ ಮನೆ ಬಾಗಿಲಿಗೆ ಬರುತ್ತದೆ. ಜೊತೆಯಿಲ್ಲದೆ ಹೋಗಲಾರದವರಿಗೆ ರೈಲಿನಲ್ಲಿ ಸ್ಲೀಪರಿಗೂ ಥರ್ಡ್ ಎ.ಸಿ.ಗೂ ಮುಕ್ಕಾಲು ಭಾಗ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳು ಪೂರ್ತಿ ಪುಕ್ಕಟೆ. ನಮ್ಮ ಕರ್ನಾಟಕದ 2023ರ ‘ಶಕ್ತಿ’ಯ ತಂಗಿ ಎನ್ನಿ. ಅಂಗಡಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಮಡಚುವ ವೀಲ್‌ಚೇರಿನಲ್ಲಿ ಕೂತೇ ಈ ಮಾತು ಕೇಳಿಸಿಕೊಂಡು, ‘ನಂಗೆ ಟಿಕೆಟ್ ಸೊನ್ನೆ, ಹತ್ತಿದ್ದೂ ಸೊನ್ನೆ’ ಎಂದಳು. ಪುಕ್ಕಟೆಯಾದ ಮೇಲೆ ಬಸ್ಸು ತುಂಬಿ ಬರುತ್ತದೆ. ತುಂಬಿದ ಬಸ್ಸಿಗೆ ಕುರ್ಚಿ ಸಮೇತ ಒಬ್ಬಳನ್ನು ಎತ್ತಿ ಹಾಕಿ ಎಂದು ಕೇಳಲು ಬಾಯಿ ಬರುವುದಿಲ್ಲ ಎಂಬುದು ಅವಳ ಕಷ್ಟ. ನಮ್ಮಲ್ಲಿ ಕೂಡ ಇದೇ ಕತೆ. 660 ರೂಪಾಯಿಗೆ ವರ್ಷವಿಡೀ, ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಓಡಾಡುವ ಪಾಸು ಕೆಎಸ್‌ಆರ್‌ಟಿಸಿ ಕೊಡುತ್ತದೆ. ಹಳ್ಳಿಗೆ ಹೋಗುವ ಕೆಂಪು ಬಸ್ಸಿನ ಮೆಟ್ಟಿಲು ಮಂಗಳಗಿರಿಯದಕ್ಕಿಂತ ಒಂದಿಂಚೂ ತಗ್ಗಿಲ್ಲ.

ಹಾಗಾದರೆ ಜನ ಓಡಾಡುವುದು ಹೇಗೆ? ಸರ್ವೀಸ್ ಆಟೋದಲ್ಲಿ. ಬೆಳಿಗ್ಗೆ ಎಂಟಕ್ಕೆ ಸ್ಟಾಪಿನ ತುಂಬ ಅವುಗಳದ್ದೇ ಸಾಲು. ‘ತಾಡೇಪಲ್ಲಿ, ವಾರಧಿ, ಬಸ್ಟ್ಯಾಂಡ್, ಬಸ್ಟ್ಯಾಂಡ್!’ ಎಂದು ಡ್ರೈವರುಗಳು ರಾಗ ಎಳೆಯುತ್ತಾರೆ. ವಾರಧಿ ಎಂದರೆ ಕೃಷ್ಣೆಯ ಮೇಲಿನ ಸೇತುವೆ, ದಾಟಿದರೆ ಬೆಜವಾಡ, ಅಂದರೆ ವಿಜಯವಾಡ. ಇಷ್ಟು ಗಟ್ಟಿ ದನಿಯಲ್ಲಿ ಊರ ಹೆಸರು ಕೂಗುವ ವಾಹನ ಕಣ್ಣು ಕಾಣದವರಿಗೆ ಬೇರೆ ಯಾವುದಿದೆ? ಬಸ್ಸು ಬಂದು ನಿಂತರೂ ಅದು ಗುಂಟೂರಿನದೋ ತೆನಾಲಿಯದೋ ಎಂದು ಯಾರನ್ನಾದರೂ ಕೇಳಲೇಬೇಕು. ಆಟೋ ತಾನೇ ಹೇಳಿಕೊಳ್ಳುತ್ತದೆ. ಸದ್ದೇ ಇಲ್ಲದೆ ಪಕ್ಕಕ್ಕೆ ಬಂದುಬಿಡುವ ಬ್ಯಾಟರಿ ಆಟೋಗಳು ಮಾತ್ರ ಬಿಳಿಕೋಲಿನವರ ಹೊಸ ತಲೆನೋವು.

ಆಟೋದ ನೆಲ ತಗ್ಗಿನಲ್ಲಿದೆ. ಕುರ್ಚಿಯಿಂದ ಸೀಟಿನ ಅಂಚಿಗೆ ಕೈ ಊರಿ ಜಾರಿಕೊಳ್ಳಬಹುದು. ಮಡಚಿದ ಕುರ್ಚಿಯನ್ನು ಡ್ರೈವರು ಹಗ್ಗ ಹಾಕಿ ಹಿಂದಕ್ಕೆ ಬಿಗಿಯುತ್ತಾನೆ, ಬಾಡಿಗೆಯಲ್ಲಿ ಒಂದು ಸೀಟು ಜಾಸ್ತಿ ಹಿಡಿಯುತ್ತಾನೆ, ಒಮ್ಮೊಮ್ಮೆ ಹಿಡಿಯುವುದೂ ಇಲ್ಲ. ಅನುಕೂಲ ಇಷ್ಟೇ. ಬಾಗಿಲಿಲ್ಲ, ಬೆಲ್ಟಿಲ್ಲ. ಕಾಲಿಗೆ ಬಲವಿಲ್ಲದವರು ತಿರುವಿನಲ್ಲಿ ಕಾಲೂರಿ ಮೈ ತಡೆದುಕೊಳ್ಳಲಾರರು, ಆದರೂ ಇಳಿಯಲು ಸುಲಭವೆಂದು ಅವರಿಗೆ ಸಿಗುವುದು ಅಂಚಿನ ಜಾಗವೇ. ಪಕ್ಕದಲ್ಲಿ 16ನೇ ರಾಷ್ಟ್ರೀಯ ಹೆದ್ದಾರಿ, ಚೆನ್ನೈಯಿಂದ ಕೋಲ್ಕತ್ತದ ಕಡೆಗೆ ಓಡುವ ಲಾರಿಗಳ ಗಾಳಿ. ಸಂಜೆ ಏಳರ ಮೇಲೆ ಕೊನೆಯ ಸೀಟಿನವಳಾಗಿ ಉಳಿದರೆ ಎದೆ ಡವಡವ ಎನ್ನುತ್ತದೆ ಎಂದು ಆ ಹೆಣ್ಣುಮಗಳು ಹೇಳಿದಳು. ಪರಿಚಯದ ಇಬ್ಬರು ಡ್ರೈವರುಗಳ ನಂಬರು ಇಟ್ಟುಕೊಂಡಿದ್ದಾಳೆ. ಅವರು ಸಿಕ್ಕದ ದಿನ ಕೆಲಸಕ್ಕೆ ರಜೆ.

ಊರ ಹೊರಗಿನ ಏಮ್ಸ್ ನೋಡಿದರೆ ಬೇರೆಯೇ ದೇಶಕ್ಕೆ ಬಂದ ಹಾಗಾಗುತ್ತದೆ. ಗುಡ್ಡದ ಮಗ್ಗುಲಲ್ಲಿ ಕ್ಷಯರೋಗಿಗಳ ಸ್ಯಾನಟೋರಿಯಂ ಇದ್ದ ಜಾಗವದು. 2019ರಲ್ಲಿ ಹೊರರೋಗಿ ವಿಭಾಗ ಶುರುವಾಯಿತು, 2024ರ ಫೆಬ್ರುವರಿಯಲ್ಲಿ ಪ್ರಧಾನಿ ದೇಶಕ್ಕೆ ಅರ್ಪಿಸಿದರು. ಒಳಗೆ ಇಳಿಜಾರು, ಲಿಫ್ಟು, ತಳ್ಳುಕುರ್ಚಿ. ಆದರೆ ರೋಗಿ ಹುಟ್ಟುವುದು ಗೇಟಿನೊಳಗಲ್ಲವಲ್ಲ. ಸತ್ತೆನಪಲ್ಲಿಯಿಂದಲೋ ತೆನಾಲಿಯಿಂದಲೋ ಬಸ್ಸು, ಇಳಿದು ಆಟೋ, ಆಟೋ ಬಿಟ್ಟಲ್ಲಿಂದ ಕಟ್ಟಡದವರೆಗಿನ ದಾರಿ. ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡ ನೇಕಾರರೊಬ್ಬರನ್ನು ಅವರ ಮಗ ಬೆನ್ನ ಮೇಲೆ ಹೊತ್ತು ಆಟೋದಿಂದ ಇಳಿಸುತ್ತಿದ್ದ. ಗುಂಡಿಮಗ್ಗದ ಕೆಲಸಕ್ಕೆ ಎರಡೂ ಕಾಲು ಬೇಕು, ಹಲಗೆ ತುಳಿಯದೆ ನೂಲು ಬಾಯಿ ಬಿಡುವುದಿಲ್ಲ. ಈಗ ಮನೆಯಲ್ಲಿ ಕಂಡಿಕೆ ಸುತ್ತುತ್ತಾರಂತೆ. ಪೋಲಿಯೊ ಹೋಯಿತು, 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್ಸಿನ ಒಂದು ಪ್ರಕರಣವೂ ಇಲ್ಲ. ಅದರ ಜಾಗವನ್ನು ಸಕ್ಕರೆ ಕಾಯಿಲೆ, ಹೆದ್ದಾರಿ ಅಪಘಾತ, ಮುಪ್ಪು ತುಂಬುತ್ತಿವೆ. ಮೆಟ್ಟಿಲಿಗೆ ಹೆದರುವವರ ಸಾಲು ಕರಗುತ್ತಿಲ್ಲ.

ರೈಲಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬೆಜವಾಡ ಜಂಕ್ಷನ್ನಿನಲ್ಲಿ ಲಿಫ್ಟೂ ಇದೆ, ಎಸ್ಕಲೇಟರೂ ಇದೆ. ಆದರೆ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಅಂಗವಿಕಲರ ಬೋಗಿ ಇರುವುದು ತುದಿಯಲ್ಲಿ, ಗಾರ್ಡಿನ ಪಕ್ಕ. ಚಿಕ್ಕ ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ, ಓಡಲಾರದವರೇ ತುದಿಯವರೆಗೆ ಓಡಬೇಕು. ಎತ್ತರದ ಪ್ಲಾಟ್‌ಫಾರಂ ಇದ್ದಲ್ಲೂ ಬೋಗಿಯ ನೆಲ ಇನ್ನೂ ಒಂದಡಿಗಿಂತ ಮೇಲೇ ಇರುತ್ತದೆ.

ಸಮತಟ್ಟಾಗಿ ಹತ್ತುವ ಬಸ್ಸಿನ ಕನಸು ಆಂಧ್ರ ಕಾಣಲಿಲ್ಲವೆಂದಲ್ಲ. ಕೇಂದ್ರದ ನಗರ ನವೀಕರಣದ ನರ್ಮ್ ಯೋಜನೆಯ ಕಾಲದಲ್ಲಿ ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ಬಸ್ಸಿಗೇ ಮೀಸಲು ದಾರಿಯ ಬಿಆರ್‌ಟಿಎಸ್ ಬಂತು. ವಿಜಯವಾಡದಲ್ಲಿ ಹಳೆಯ ರೈಲು ಹಳಿ ಕಿತ್ತು ಮಾಡಿದ ಅಗಲ ರಸ್ತೆಯನ್ನು ಜನ ಇಂದಿಗೂ ಬಿಆರ್‌ಟಿಎಸ್ ರೋಡ್ ಎನ್ನುತ್ತಾರೆ. ಹೆಸರು ಉಳಿಯಿತು, ಬಸ್ಸಿನ ವ್ಯವಸ್ಥೆ ನಿಲ್ಲಲಿಲ್ಲ. ವಿಶಾಖಪಟ್ಟಣದಲ್ಲಿ ಒಂದು ದಾರಿ ಪೆಂದುರ್ತಿಗೆ, ಇನ್ನೊಂದು ಸಿಂಹಾಚಲಕ್ಕೆ. ಅಲ್ಲೂ ಗುಡ್ಡದ ಮೇಲೆ ನರಸಿಂಹನೇ. ಈಗ ಕೇಂದ್ರದ ಪಿಎಂ ಇ-ಬಸ್ ಸೇವೆಯ ಹೊಸ ಬ್ಯಾಟರಿ ಬಸ್ಸುಗಳ ಮೇಲೆ ಕಣ್ಣು. ಅವು ತಗ್ಗು ನೆಲದವೇ ಆಗಿರಲಿ ಎಂದು ಹಟ ಹಿಡಿಯಬೇಕಾದ ಹೊತ್ತಿದು. ಬಸ್ಸು ಒಮ್ಮೆ ರಸ್ತೆಗಿಳಿದರೆ ಮುಂದಿನ ಹತ್ತು ಹನ್ನೆರಡು ವರ್ಷ ಅದರ ಎತ್ತರವೇ ಊರಿನ ಎತ್ತರ.

ಕಾಯಿದೆಯಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ರಸ್ತೆ, ವಾಹನ ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತದೆ. ಹಳೆಯ ವಾಹನಗಳನ್ನೂ ಸಾಧ್ಯವಿದ್ದಲ್ಲಿ ಮಾರ್ಪಡಿಸಿ ಎನ್ನುತ್ತದೆ. ಅದರ ಅಡಿಯಲ್ಲಿ ಮಾಡಿದ ನಿಯಮಗಳು ಮಾತ್ರ ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯಲ್ಲಿದ್ದವು. ರಾಜೀವ್ ರತೂರಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಅವುಗಳಲ್ಲಿ 15(1)ನೇ ನಿಯಮವನ್ನೇ ಕಾಯಿದೆಗೆ ವಿರುದ್ಧವೆಂದು ಸಾರಿ, ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದಿತು. ಕೋರ್ಟಿಗೆ ದೇಶದ ಸ್ಥಿತಿ ಬಿಡಿಸಿಟ್ಟ ವರದಿ ಪಕ್ಕದ ಹೈದರಾಬಾದಿನ ನಲ್ಸಾರ್ ವಿಶ್ವವಿದ್ಯಾಲಯದ್ದು. ಬಾಬಾಯಿಗೆ ಈ ತೀರ್ಪು ಗೊತ್ತಿತ್ತು. ಯಾರೋ ಅದನ್ನು ಜೆರಾಕ್ಸ್ ಮಾಡಿಸಲು ತಂದಿದ್ದರಂತೆ.

ನಮ್ಮಲ್ಲಿ ಅಲ್ಲಲ್ಲಿ ಒಳ್ಳೆಯ ಕೆಲಸ ಆಗಿದೆ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಶುರುಮಾಡಿದೆ. ಬೆಂಗಳೂರಿನ ಬಿಎಂಟಿಸಿಯ ತಗ್ಗು ನೆಲದ ಬ್ಯಾಟರಿ ಬಸ್ಸು ನಿಂತಾಗ ಒಂದು ಮಗ್ಗುಲಿಗೆ ಬಾಗುತ್ತದೆ, ಬಾಗಿಲಲ್ಲಿ ಹಲಗೆ ತೆರೆದರೆ ಕುರ್ಚಿ ಉರುಳಿಕೊಂಡೇ ಒಳಗೆ ಹೋಗುತ್ತದೆ. 2013ರಲ್ಲಿ ಅಲ್ಲೇ ಹುಟ್ಟಿದ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಅಂಗವಿಕಲರಿಗೆಂದೇ ಕಾರುಗಳನ್ನು ಮಾರ್ಪಡಿಸಿ ಓಡಿಸಿತು. ಮೈಸೂರಿನ ನಗರ ಬಸ್ಸುಗಳಲ್ಲಿ 2023ರಲ್ಲಿ ಬಂದ ‘ಧ್ವನಿ ಸ್ಪಂದನ’ ಬಸ್ಸಿನ ನಂಬರನ್ನು ಕಣ್ಣು ಕಾಣದವರಿಗೆ ಕೂಗಿ ಹೇಳುತ್ತದೆ. ಬಾಬಾಯ್ ತಲೆಯಾಡಿಸುತ್ತ ಕೇಳಿದರು. ಕಿವಿ ನಿಮಿರಿದ್ದು ನಮ್ಮ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಮಾತು ಬಂದಾಗ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲೇ ಇಲ್ಲ ಎಂದೆ. 2020ರ ಫೆಬ್ರುವರಿಯಲ್ಲಿ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ನಿಮ್ಮವರೇ, ಆಗ ಉಪರಾಷ್ಟ್ರಪತಿಯಾಗಿದ್ದ ವೆಂಕಯ್ಯ ನಾಯ್ಡು ಎಂದೂ ಸೇರಿಸಿದೆ.

ವೆಂಕಯ್ಯನವರ ವಿಷಯ ಅವರು ಕೇಳಿಸಿಕೊಳ್ಳಲೇ ಇಲ್ಲ. ‘ಬಸ್ಸಿಗೂ ಪ್ಲಾಟ್‌ಫಾರಮಿಗೂ ಸಂದು ಎಷ್ಟು? ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳಲ್ಲವಾ?’

‘ಡ್ರೈವರು ಎಷ್ಟು ಹತ್ತಿರ ತಂದು ನಿಲ್ಲಿಸುತ್ತಾರೋ ಅದರ ಮೇಲೆ.’

‘ಅಲ್ಲೂ ಡ್ರೈವರೇ ಅನ್ನಿ. ನಿಲ್ದಾಣ ರಸ್ತೆ ಪಕ್ಕದಲ್ಲಾ?’

‘ಅಲ್ಲ, ನಟ್ಟನಡುವೆ. ಸಿಗ್ನಲ್ ಬಿದ್ದಾಗ ದಾಟಬೇಕು, ಕೆಲವು ಕಡೆ ಮೇಲುಸೇತುವೆ.’

‘ಮೇಲುಸೇತುವೆಗೆ ಮೆಟ್ಟಿಲಾ, ಲಿಫ್ಟಾ?’

ನಾನು ಯೋಚಿಸುತ್ತಿರುವಾಗಲೇ ಯಂತ್ರದ ಮುಚ್ಚಳ ಎತ್ತಿ ಇನ್ನೊಂದು ಸದರಂ ಸರ್ಟಿಫಿಕೇಟನ್ನು ಗಾಜಿನ ಮೇಲೆ ಮಗುಚಿ ಹಾಕಿದರು. ‘ಊರಿಗೆ ಹೋದಮೇಲೆ ಅದೊಂದು ನೋಡಿ ಫೋನ್ ಮಾಡಿ, ಸಾರ್. ಇಲ್ಲಿ ಕಟ್ಟುವಾಗ ಕೇಳೋಕೆ ಬೇಕಾಗುತ್ತೆ.’