ಗೇಟ್ ಯಾವಾಗ ತೆರೆಯಬೇಕು?

ವಿಜ್ಞಾನ ವಿಭಾಗದ ಗೆಳೆಯರ ಮಾದರಿ ರೈಲಿಗೆ ಕಾಮರ್ಸ್‌ನ ನಾನೂ ಕೈಜೋಡಿಸಿದೆ. ಗೇಟಿಗೆ ಮುಂಚೆ ಹಳಿಯ ಪಕ್ಕ ಒಂದು ಐಆರ್ ಸೆನ್ಸರ್, ಗೇಟ್ ದಾಟಿದ ಮೇಲೆ ಇನ್ನೊಂದು. ಎರಡೂ ಆರ್ಡುಯಿನೊ ಬೋರ್ಡಿಗೆ ಸೇರುತ್ತವೆ. ಗೇಟನ್ನು ಎತ್ತಿ ಇಳಿಸುವುದು ಒಂದು ಸರ್ವೊ ಮೋಟರ್.

ಸೆನ್ಸರ್ ಕಣ್ಣಿಗೆ ಕಾಣದ ಬೆಳಕನ್ನು ಬಿಡುತ್ತದೆ. ಅದು ರೈಲಿಗೆ ತಾಗಿ ಮರಳಿದರೆ ಬೋರ್ಡಿಗೆ 0 ಸಿಗುತ್ತದೆ, ಇಲ್ಲದಿದ್ದರೆ 1. ಬೋರ್ಡ್ ಇದನ್ನು ಬಿಡುವಿಲ್ಲದೆ ಓದುತ್ತಲೇ ಇರುತ್ತದೆ.

ತೊಂದರೆ ಇರುವುದು ಎರಡು ಬೋಗಿಗಳ ನಡುವಿನ ಸಂದಿಯಲ್ಲಿ. ಅಲ್ಲಿ ಬೆಳಕು ಮರಳುವುದಿಲ್ಲ, 1 ಬರುತ್ತದೆ. ರೈಲು ಹೋಯಿತೆಂದು ಗೇಟ್ ತೆರೆದರೆ ಹಿಂದಿನ ಬೋಗಿ ಇನ್ನೂ ಬರುತ್ತಿರುತ್ತದೆ! ಆದ್ದರಿಂದ ಮೊದಲ ಸೆನ್ಸರ್‌ನಲ್ಲಿ 0 ಬಂದ ಕೂಡಲೇ ಗೇಟ್ ಮುಚ್ಚಬೇಕು. ತೆರೆಯುವುದು ಮಾತ್ರ ಎರಡನೆಯದರಲ್ಲಿ 0 ಬಂದು, ಆಮೇಲೆ 2 ಸೆಕೆಂಡ್ ಸತತವಾಗಿ 1 ಇದ್ದರೆ. ನಡುವೆ 0 ಬಂದರೆ ಎಣಿಕೆ ಮತ್ತೆ ಮೊದಲಿನಿಂದ.

ಸಂದಿ ಸೆನ್ಸರ್ ಎದುರಿಗಿರುವಾಗಲೇ ರೈಲು ನಿಂತರೆ ಈ ಉಪಾಯವೂ ಸಾಲದು. ನಿಜವಾದ ರೈಲ್ವೆಯಲ್ಲಿ ಆಕ್ಸಲ್ ಕೌಂಟರ್ ಇದೆ. ಹಳಿಯ ಒಂದು ಭಾಗದೊಳಗೆ ಎಷ್ಟು ಆಕ್ಸಲ್ ಬಂದವೋ ಅಷ್ಟೂ ಹೊರಗೆ ಹೋದರೆ ಮಾತ್ರ ಅದು ಆ ಭಾಗ ಖಾಲಿ ಎನ್ನುತ್ತದೆ. ಕಾಮರ್ಸ್‌ನವರಿಗೆ ಇದು ಹೊಸದಲ್ಲ: ಡೆಬಿಟ್, ಕ್ರೆಡಿಟ್ ತಾಳೆಯಾಗಬೇಕು, ಅಷ್ಟೇ.