ಚಾಕೊಲೇಟ್ ಉಂಡೆಯ ಮೇಲಿನ ಬಿಳಿ ಪದರ

ಮಕ್ಕಳ ಹುಟ್ಟುಹಬ್ಬಕ್ಕೆ ಬೇಯಿಸದೆ ಮಾಡುವ ಚಾಕೊಲೇಟ್ ಉಂಡೆಯನ್ನು ನೀವು ತಿಂದಿರಬಹುದು. 200 ಗ್ರಾಂ ಮಾರಿ ಬಿಸ್ಕತ್ತನ್ನು ಪುಡಿಮಾಡಿ, ಎರಡು ಚಮಚ ಕೋಕೋ ಪುಡಿ ಬೆರೆಸಿ, ಹಿಡಿತಕ್ಕೆ ಬರುವಷ್ಟು ಕಂಡೆನ್ಸ್ಡ್ ಮಿಲ್ಕ್ ಹಾಕಿ ಕಲಸಿ ಉಂಡೆ ಕಟ್ಟಬೇಕು. ಕರಗಿಸಿದ ಕಪ್ಪು ಚಾಕೊಲೇಟಿನಲ್ಲಿ ಅದ್ದಿ ಆರಲು ಬಿಟ್ಟರೆ ಮುಗಿಯಿತು. ಆದರೆ ಒಂದೆರಡು ದಿನ ಮೊದಲೇ ಮಾಡಿಟ್ಟ ಉಂಡೆಗಳ ಮೇಲೆ ಕೆಲವೊಮ್ಮೆ ಬಿಳಿ ಪದರ ಕಾಣಿಸಿಕೊಳ್ಳುತ್ತದೆ. ಬೂಷ್ಟು ಹಿಡಿಯಿತೆಂದು ಎಲ್ಲವನ್ನೂ ಎಸೆಯುವವರಿದ್ದಾರೆ. ಅದು ನಿಜಕ್ಕೂ ಬೂಷ್ಟೇ?

ಉತ್ತರ ಕೋಕೋ ಬೆಣ್ಣೆಯಲ್ಲಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮಿಶ್ರಬೆಳೆಯಾಗಿ ಬೆಳೆಯುವ ಕೋಕೋ ಬೀಜದಲ್ಲಿರುವ ಕೊಬ್ಬು ಇದು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೋ ಕಾರ್ಖಾನೆ ಈ ಬೀಜದಿಂದಲೇ ಚಾಕೊಲೇಟ್ ತಯಾರಿಸುತ್ತದೆ.

ಶುದ್ಧ ಘನವಸ್ತುವಿಗೆ ನಿರ್ದಿಷ್ಟ ದ್ರವನಬಿಂದು ಇದೆಯೆಂದು ನೀವು ಓದಿದ್ದೀರಿ. ಕೋಕೋ ಬೆಣ್ಣೆ ಹಲವು ಕೊಬ್ಬುಗಳ ಮಿಶ್ರಣ. ಅಲ್ಲದೆ ಅದರ ಅಣುಗಳು ಆರು ಬಗೆಯಲ್ಲಿ ಜೋಡಣೆಗೊಂಡು ಸ್ಫಟಿಕವಾಗಬಲ್ಲವು. ಒಂದೇ ಇಂಗಾಲ ವಜ್ರವೂ ಗ್ರಾಫೈಟೂ ಆಗುವುದಿಲ್ಲವೇ? ಹಾಗೆಯೇ ಇದೂ. ಈ ರೂಪಗಳು ಸುಮಾರು 17ರಿಂದ 36 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ಉಷ್ಣತೆಗಳಲ್ಲಿ ಕರಗುತ್ತವೆ. ನಮಗೆ ಬೇಕಾದದ್ದು ಐದನೆಯ ರೂಪ. ಅದು ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಆದ್ದರಿಂದಲೇ ಚಾಕೊಲೇಟ್ ತಟ್ಟೆಯಲ್ಲಿ ಗಟ್ಟಿ, ಬಾಯಲ್ಲಿ ದ್ರವ!

ಕರಗಿಸಿದ ಚಾಕೊಲೇಟನ್ನು ಸುಮ್ಮನೆ ಆರಲು ಬಿಟ್ಟರೆ ಅಸ್ಥಿರ ರೂಪಗಳೇ ಹೆಚ್ಚು ಉಂಟಾಗುತ್ತವೆ. ಅವು ಕ್ರಮೇಣ ಸ್ಥಿರ ರೂಪಕ್ಕೆ ಬದಲಾಗುವಾಗ ಕೊಬ್ಬು ಮೇಲ್ಮೈಗೆ ಬಂದು ದೊಡ್ಡ ಸ್ಫಟಿಕಗಳಾಗುತ್ತದೆ. ಅವು ಬೆಳಕನ್ನು ಚದರಿಸುವುದರಿಂದ ಬಿಳಿಯಾಗಿ ಕಾಣುತ್ತವೆ. ಬೆರಳಿನಿಂದ ಉಜ್ಜಿದರೆ ಈ ಪದರ ಕರಗಿ ಮಾಯವಾಗುತ್ತದೆ. ಉಜ್ಜಿದರೂ ಒರಟಾಗಿಯೇ ಉಳಿದರೆ ಅದು ಸಕ್ಕರೆ. ಫ್ರಿಜ್ಜಿನಿಂದ ತೆಗೆದ ಉಂಡೆಯ ಮೇಲೆ ಗಾಳಿಯ ತೇವ ನೀರಾಗಿ ಕುಳಿತು, ಸಕ್ಕರೆಯನ್ನು ಕರಗಿಸಿ, ಆವಿಯಾದಾಗ ಉಳಿದದ್ದು. ಎರಡೂ ಹಾನಿಕರವಲ್ಲ. ನವಿರು ಕೂದಲಿನಂಥ ಬೆಳವಣಿಗೆ ಅಥವಾ ಕೆಟ್ಟ ವಾಸನೆ ಇದ್ದರೆ ಮಾತ್ರ ಎಸೆಯಿರಿ.

ಇದನ್ನು ತಪ್ಪಿಸುವುದು ಹೇಗೆ? ಚಾಕೊಲೇಟಿನ ಮೂರನೇ ಎರಡು ಭಾಗವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ 45 ಡಿಗ್ರಿಯವರೆಗೆ ಕಾಯಿಸಿ, ಕೆಳಗಿಳಿಸಿ. ಉಳಿದ ಭಾಗವನ್ನು ಸಣ್ಣ ಚೂರುಗಳಾಗಿ ಹಾಕುತ್ತಾ, 31-32 ಡಿಗ್ರಿಗೆ ಇಳಿಯುವವರೆಗೆ ಕಲಕಿ. ಕಾರ್ಖಾನೆಯಿಂದ ಬಂದ ಆ ಚೂರುಗಳಲ್ಲಿ ಐದನೆಯ ರೂಪವೇ ಇರುವುದರಿಂದ ಅವು ಬೀಜಸ್ಫಟಿಕಗಳಾಗಿ ಉಳಿದದ್ದಕ್ಕೂ ಅದೇ ಜೋಡಣೆಯನ್ನು ಕೊಡುತ್ತವೆ. ಬಟ್ಟಲಿಗೆ ನೀರಿನ ಹನಿ ಬೀಳದಿರಲಿ. ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಚಾಕೊಲೇಟ್ ಮುದ್ದೆಯಾಗುತ್ತದೆ. ಲೇಬಲ್ಲಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇದ್ದರೆ ಈ ಲೆಕ್ಕ ಅನ್ವಯಿಸದು.

ಶಿಕ್ಷಕರೇ, ಒಂದು ಎಚ್ಚರಿಕೆ. ಪ್ರಯೋಗಶಾಲೆಯ ಪಾದರಸದ ಉಷ್ಣತಾಮಾಪಕವನ್ನು ತಿನ್ನುವ ಪದಾರ್ಥದಲ್ಲಿ ಎಂದೂ ಅದ್ದಬೇಡಿ; ಅಡುಗೆಗೆಂದೇ ದೊರೆಯುವ ಡಿಜಿಟಲ್ ಮಾಪಕವನ್ನು ಬಳಸಿ. ಒಂದೇ ಚಾಕೊಲೇಟನ್ನು ಎರಡೂ ವಿಧಾನಗಳಲ್ಲಿ ಆರಿಸಿ, ಹೊಳಪನ್ನೂ ಮುರಿಯುವಾಗಿನ ಸದ್ದನ್ನೂ ವಿದ್ಯಾರ್ಥಿಗಳು ಹೋಲಿಸಲಿ. ಸ್ಫಟಿಕ ರಚನೆಯ ಪಾಠ ಅವರಿಗೆ ಮರೆಯಲಾರದು.