ಅಕ್ವೇರಿಯಂ ದೀಪದ ಟೈಮರ್

ಅಕ್ವೇರಿಯಂ ದೀಪದ ಟೈಮರ್ ಎಂದರೆ ಮೀನು ಸಾಕುವ ಗಾಜಿನ ತೊಟ್ಟಿಯ ದೀಪವನ್ನು ಪ್ರತಿದಿನ ನಿಗದಿತ ಸಮಯಕ್ಕೆ ತಾನಾಗಿಯೇ ಹೊತ್ತಿಸಿ ಆರಿಸುವ ವಿದ್ಯುತ್ ಸಾಧನ. ಗೋಡೆಯ ಸಾಕೆಟ್ ಹಾಗೂ ದೀಪದ ಪ್ಲಗ್ ನಡುವೆ ಇದನ್ನು ಜೋಡಿಸಲಾಗುತ್ತದೆ. ಯಾಂತ್ರಿಕ, ಡಿಜಿಟಲ್ ಮತ್ತು ವೈ-ಫೈ ಆಧಾರಿತ ಎಂದು ಇದರಲ್ಲಿ ಮೂರು ಮುಖ್ಯ ವಿಧಗಳಿವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಂತಹ ಗ್ರಾಮೀಣ ಭಾಗಗಳಲ್ಲಿ ಟೈಮರ್ ಆಯ್ಕೆ ಮಾಡುವಾಗ, ವಿದ್ಯುತ್ ಇಲ್ಲದ ಅವಧಿಯಲ್ಲೂ ಅದು ಸಮಯದ ಲೆಕ್ಕವನ್ನು ಉಳಿಸಿಕೊಳ್ಳುತ್ತದೆಯೇ ಎಂಬುದು ಮೊದಲು ಪರಿಶೀಲಿಸಬೇಕಾದ ಅಂಶ.

ಅಗತ್ಯ

ಮನೆಗಳಲ್ಲಿ ಸಾಕುವ ಬಹುಪಾಲು ಅಲಂಕಾರಿಕ ಮೀನುಗಳು ಉಷ್ಣವಲಯದ ಮೂಲದವು. ಅಲ್ಲಿ ವರ್ಷವಿಡೀ ಹಗಲು ಮತ್ತು ಇರುಳಿನ ಅವಧಿಗಳಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಗೋಕಾಕದ ಅಕ್ಷಾಂಶದಲ್ಲಿಯೂ ಹಗಲು ಡಿಸೆಂಬರಿನಲ್ಲಿ ಸುಮಾರು 11 ಗಂಟೆ, ಜೂನಿನಲ್ಲಿ ಸುಮಾರು 13 ಗಂಟೆ ಇರುತ್ತದೆ. ಮೀನುಗಳಿಗೆ ಕಣ್ಣು ಮುಚ್ಚುವ ರೆಪ್ಪೆಗಳಿಲ್ಲವಾದ್ದರಿಂದ ವಿಶ್ರಾಂತಿಗೆ ಕತ್ತಲೆ ಬೇಕು.

ದೀಪ ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರಿದರೆ ಗಾಜಿನ ಮೇಲೆ ಪಾಚಿ ಬೆಳೆದು ನೀರು ಹಸಿರುಗಟ್ಟಬಹುದು. ಕಡಿಮೆಯಾದರೆ ತೊಟ್ಟಿಯ ಜಲಸಸ್ಯಗಳು ಸೊರಗುತ್ತವೆ. ಹೊಸದಾಗಿ ಗಿಡ ನೆಟ್ಟ ತೊಟ್ಟಿಗೆ ದಿನಕ್ಕೆ ಸುಮಾರು 6 ಗಂಟೆ, ಗಿಡಗಳು ಬೇರೂರಿದ ಬಳಿಕ 8 ಗಂಟೆಯವರೆಗೆ ಬೆಳಕು ಕೊಡುವುದು ಸಾಮಾನ್ಯ ರೂಢಿ.

ಸ್ಥಳೀಯ ವಿದ್ಯುತ್ ಪೂರೈಕೆ

ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ ವಿತರಣೆಯನ್ನು 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಡೆಸುತ್ತದೆ. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಇದೂ ಒಂದು. ಗೋಕಾಕ ಹಾಗೂ ಅದರಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ತಾಲ್ಲೂಕುಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಯಲ್ಲಿವೆ.

ನಿರಂತರ ಜ್ಯೋತಿ ಯೋಜನೆಯ ಮೂಲಕ ರಾಜ್ಯದ ಹಳ್ಳಿಗಳಲ್ಲಿ ಮನೆಬಳಕೆಯ ಮಾರ್ಗಗಳನ್ನು ನೀರಾವರಿ ಪಂಪ್‌ಸೆಟ್ ಮಾರ್ಗಗಳಿಂದ ಬೇರ್ಪಡಿಸಲಾಯಿತು. ಪಂಪ್‌ಸೆಟ್ ಮಾರ್ಗವನ್ನೇ ಅವಲಂಬಿಸಿದ ತೋಟದ ಮನೆಗಳಲ್ಲಿ ಮಾತ್ರ ಪೂರೈಕೆಯ ವೇಳೆ ಬದಲಾಗುತ್ತಿರುತ್ತದೆ. ಬೇಸಿಗೆಯ ಗುಡುಗು ಮಳೆ, ಬಿರುಗಾಳಿ ಮತ್ತು ಮಾರ್ಗಗಳ ದುರಸ್ತಿಯಿಂದ ಊರೊಳಗೂ ವಿದ್ಯುತ್ ನಿಲುಗಡೆಯಾಗುವುದುಂಟು.

ವಿಧಗಳು

ಯಾಂತ್ರಿಕ ಟೈಮರ್: ಇದರ ಮುಖದ ಮೇಲಿರುವ ಚಕ್ರವನ್ನು ಸಣ್ಣ ಸಿಂಕ್ರೊನಸ್ ಮೋಟಾರು 24 ಗಂಟೆಗೆ ಒಂದು ಸುತ್ತು ತಿರುಗಿಸುತ್ತದೆ. ಚಕ್ರದ ಅಂಚಿನಲ್ಲಿರುವ ಹಲ್ಲುಗಳನ್ನು ಒತ್ತಿ ಅಥವಾ ಎತ್ತಿ ವೇಳೆ ಗೊತ್ತುಪಡಿಸಬೇಕು. 96 ಹಲ್ಲುಗಳಿದ್ದರೆ ಒಂದೊಂದೂ 15 ನಿಮಿಷವನ್ನೂ, 48 ಇದ್ದರೆ 30 ನಿಮಿಷವನ್ನೂ ಸೂಚಿಸುತ್ತದೆ. ಮೋಟಾರಿನ ವೇಗ ವಿದ್ಯುತ್ ಜಾಲದ 50 ಹರ್ಟ್ಸ್ ಆವೃತ್ತಿಯನ್ನು ಅನುಸರಿಸುವುದರಿಂದ ಪೂರೈಕೆ ಇರುವವರೆಗೆ ಸಮಯ ಸರಿಯಾಗಿರುತ್ತದೆ.

ವಿದ್ಯುತ್ ನಿಂತರೆ ಚಕ್ರವೂ ನಿಲ್ಲುತ್ತದೆ. ಉದಾಹರಣೆಗೆ, ಸಂಜೆ 4ರಿಂದ ರಾತ್ರಿ 10ರವರೆಗೆ ದೀಪ ಉರಿಯುವಂತೆ ಹೊಂದಿಸಿದ್ದು, ಹಗಲಿನಲ್ಲಿ 2 ಗಂಟೆ ವಿದ್ಯುತ್ ಇರಲಿಲ್ಲವೆಂದುಕೊಂಡರೆ, ಅಂದು ದೀಪ 6ಕ್ಕೆ ಹೊತ್ತಿ ನಡುರಾತ್ರಿ 12ಕ್ಕೆ ಆರುತ್ತದೆ. ಮರುದಿನ ಇನ್ನೂ ಒಂದೂವರೆ ಗಂಟೆ ನಿಲುಗಡೆಯಾದರೆ ಹೊತ್ತುವುದು ಏಳೂವರೆಗೆ, ಆರುವುದು ರಾತ್ರಿ ಒಂದೂವರೆಗೆ. ಈ ವಿಳಂಬ ಕೂಡುತ್ತಲೇ ಹೋಗುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸದ ಹೊರತು ಸರಿಹೋಗುವುದಿಲ್ಲ. ಮನೆಯವರು ವಾರಗಟ್ಟಲೆ ಊರಲ್ಲಿ ಇಲ್ಲದಿದ್ದರೆ ತೊಟ್ಟಿಯ ಹಗಲಿರುಳೇ ಅದಲುಬದಲಾಗಬಹುದು.

ಡಿಜಿಟಲ್ ಟೈಮರ್: ಇದು ಕ್ವಾರ್ಟ್ಜ್ ಗಡಿಯಾರವನ್ನು ಆಧರಿಸಿದೆ. ಒಳಗಿನ ಸಣ್ಣ ಬ್ಯಾಟರಿಯು ವಿದ್ಯುತ್ ಇಲ್ಲದಾಗಲೂ ಸಮಯ ಮತ್ತು ಹೊಂದಿಕೆಗಳನ್ನು ಕಾಪಾಡುತ್ತದೆ. ಆದ್ದರಿಂದ ನಿಲುಗಡೆ ಹೆಚ್ಚಿರುವ ಕಡೆ ಇದು ಯಾಂತ್ರಿಕ ಟೈಮರಿಗಿಂತ ಸೂಕ್ತ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆಯುವುದು ಇದರ ಮಿತಿ.

ವೈ-ಫೈ ಪ್ಲಗ್: ಇದನ್ನು ಮೊಬೈಲ್ ಮೂಲಕ ದೂರದಿಂದಲೂ ನಿಯಂತ್ರಿಸಬಹುದು. ಅನೇಕ ಮಾದರಿಗಳು ವಿದ್ಯುತ್ ಮರಳಿದ ಬಳಿಕ ಅಂತರ್ಜಾಲದಿಂದ ಸಮಯ ಪಡೆಯುತ್ತವೆ. ರೌಟರ್ ಚಾಲೂ ಇಲ್ಲದಿದ್ದರೆ ಅವುಗಳಿಗೆ ಸರಿಯಾದ ಸಮಯ ತಿಳಿಯದು. ವಿದ್ಯುತ್ ಮರಳಿದಾಗ ದೀಪ ಹೊತ್ತಬೇಕೇ, ಆರಿರಬೇಕೇ ಎಂಬ ಹೊಂದಿಕೆಯನ್ನೂ ನೋಡಿಕೊಳ್ಳಬೇಕು.

ಸಾಮರ್ಥ್ಯ

ಟೈಮರಿನ ಮೇಲೆ 16 (2) ಆಂಪಿಯರ್ ಎಂದು ನಮೂದಾಗಿದ್ದರೆ, ಮೊದಲ ಸಂಖ್ಯೆಯು ಹೀಟರಿನಂತಹ ಸರಳ ಭಾರಕ್ಕೂ, ಆವರಣದಲ್ಲಿರುವುದು ಚೋಕ್ ಉಳ್ಳ ಟ್ಯೂಬ್‌ಲೈಟ್, ಮೋಟಾರು ಮುಂತಾದ ಪ್ರೇರಕ ಭಾರಕ್ಕೂ ಅನ್ವಯಿಸುತ್ತದೆ. ಎಲ್‌ಇಡಿ ದೀಪಗಳು ಬಳಸುವ ವಿದ್ಯುತ್ ಅಲ್ಪವಾದರೂ, ಹೊತ್ತುವ ಕ್ಷಣದಲ್ಲಿ ಅವುಗಳ ಡ್ರೈವರ್ ಹಲವು ಪಟ್ಟು ಹೆಚ್ಚು ಪ್ರವಾಹ ಸೆಳೆಯುತ್ತದೆ. ಇದು ದಿನವೂ ಮರುಕಳಿಸಿದರೆ ರಿಲೇಯ ಸಂಪರ್ಕಗಳು ಅಂಟಿಕೊಂಡು ದೀಪ ಆರದೆ ಉಳಿಯಬಹುದು. ಹೀಗಾಗಿ ಹಲವು ದೀಪಗಳನ್ನು ಒಂದೇ ಟೈಮರಿಗೆ ಜೋಡಿಸಬಾರದು.

ಪರೀಕ್ಷಿಸುವ ಕ್ರಮ

ಹೊಸ ಡಿಜಿಟಲ್ ಟೈಮರಿನ ಬ್ಯಾಟರಿ ಅಂಗಡಿಯಲ್ಲಿದ್ದಾಗಲೇ ಬರಿದಾಗಿರಬಹುದು. ಅದನ್ನು ಮೊದಲು ಸುಮಾರು ಒಂದು ದಿನ ಸಾಕೆಟ್ಟಿನಲ್ಲಿಟ್ಟು ಚಾರ್ಜ್ ಮಾಡಿ, ಸಮಯ ಹೊಂದಿಸಿ, ಬಳಿಕ ಒಂದು ರಾತ್ರಿ ಹೊರತೆಗೆದಿಡಬೇಕು. ಬೆಳಿಗ್ಗೆ ಅದರ ಸಮಯ ಗಡಿಯಾರಕ್ಕೆ ಸರಿಹೊಂದಿದ್ದು ಹೊಂದಿಕೆಗಳೂ ಉಳಿದಿದ್ದರೆ ಬ್ಯಾಟರಿ ಸುಸ್ಥಿತಿಯಲ್ಲಿದೆ ಎಂದರ್ಥ. ವರ್ಷಕ್ಕೊಮ್ಮೆ, ಹಾಗೂ ದೀರ್ಘ ಪ್ರವಾಸಕ್ಕೆ ಮುನ್ನ, ಈ ಪರೀಕ್ಷೆಯನ್ನು ಪುನಃ ಮಾಡುವುದು ಒಳಿತು.

ಸುರಕ್ಷತೆ

ಫಿಲ್ಟರ್ ಮತ್ತು ಗಾಳಿಯ ಪಂಪುಗಳನ್ನು ದೀಪದ ಟೈಮರಿಗೆ ಜೋಡಿಸಬಾರದು. ಅವು ಹಗಲಿರುಳು ನಡೆಯಬೇಕು. ಗಿಡಗಳು ಕತ್ತಲೆಯಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡದೆ ಬಳಸುವುದರಿಂದ ರಾತ್ರಿ ಪಂಪು ನಿಂತರೆ ಮೀನುಗಳಿಗೆ ಅಪಾಯ. ಟೈಮರ್ ನೀರು ಸಿಡಿಯದ ಜಾಗದಲ್ಲಿರಬೇಕು. ದೀಪದ ತಂತಿ ಸಾಕೆಟ್ಟಿಗಿಂತ ಕೆಳಗೆ ಬಾಗಿ ಮೇಲೇರುವಂತಿದ್ದರೆ, ಅದರ ಮೇಲೆ ಹರಿದು ಬರುವ ಹನಿಗಳು ಸಾಕೆಟ್ ತಲುಪದೆ ಕೆಳಗೆ ಬೀಳುತ್ತವೆ. ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ ಇರುವುದು ಅವಶ್ಯಕ. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ಅದರ ಎಲ್ಲ ಉಪಕರಣಗಳ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು.